ಏಳು ಗಜದ ಪರೀಕ್ಷೆ

ಹೆಣ್ಣು ನೋಡುವ ಶಾಸ್ತ್ರ ನಮ್ಮ ಕಡೆ ಹೇಗೆ ನಡೆಯುತ್ತಿತ್ತೆಂಬುದು ಓದುಗರಿಗೆ ಗೊತ್ತೇ ಇದೆ. ಗುಡಿಸಿ ಸಾರಿಸಿದ ಪಡಸಾಲೆ, ಪೆಟ್ಟಿಗೆಯಿಂದ ತೆಗೆದ ಸೀರೆ, ಉಪ್ಪಿಟ್ಟು, ಕೇಸರಿಬಾತು. ಹುಡುಗಿ ಅರ್ಧ ಗಂಟೆ ತಲೆ ತಗ್ಗಿಸಿ ಕೂತಿರುತ್ತಾಳೆ. ಬಂದವರಲ್ಲಿ ಹಿರಿಯರೊಬ್ಬರು "ಹಾಡು ಬರುತ್ತೇನಮ್ಮಾ?" ಎಂದು ಕೇಳುತ್ತಾರೆ, ಒಂದು ದೇವರನಾಮ ಆಗುತ್ತದೆ. ಅಷ್ಟರ ಮೇಲೆ ಐವತ್ತು ವರ್ಷದ ಸಂಸಾರ ತೀರ್ಮಾನವಾಗಿ ಹೋಗುತ್ತದೆ. ಅಮೆರಿಕದಲ್ಲಿ ಪಿಸ್ತೂಲು ಕೊಳ್ಳುವವರು ಅದನ್ನು ಪರೀಕ್ಷೆ ಮಾಡುವ ಕ್ರಮವನ್ನು ಕಣ್ಣಾರೆ ಕಂಡ ದಿನ ನನಗೆ ನೆನಪಾದದ್ದು ಈ ಉಪ್ಪಿಟ್ಟು ಕೇಸರಿಬಾತು.

ಇದನ್ನು ಬರೆಯುತ್ತಿರುವವನು ಕೋವಿ ಕಂಡರೆ ಬೆವರುವ ಮನುಷ್ಯನಲ್ಲ. ಹುಟ್ಟಿದ್ದು ಸಕಲೇಶಪುರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ದೇವರ ಕೋಣೆ ಎಷ್ಟು ಸಹಜವೋ ಮೂಲೆಯಲ್ಲಿ ಕೋವಿಯೂ ಅಷ್ಟೇ ಸಹಜವಾಗಿದ್ದ ಕಾಲ. 1976ರಲ್ಲಿ ಸೈನ್ಯ ಸೇರಿ, ಇ.ಎಂ.ಇ. ವಿಭಾಗದಲ್ಲಿ ಆರ್ಮರರ್ ಆದೆ. ಅಂದರೆ ಬಂದೂಕು ರಿಪೇರಿಯವನು. 24 ವರ್ಷ ಅದೇ ಕೆಲಸ. ಬಂದೂಕು ಹಾರಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದು ಹೆಚ್ಚು. ಆದ್ದರಿಂದ ನನ್ನ ತಕರಾರು ಪಿಸ್ತೂಲಿನ ಮೇಲಲ್ಲ. ಯಾವುದನ್ನೂ ಪರೀಕ್ಷಿಸದೆ ಪರೀಕ್ಷೆಯ ಹೆಸರಿನಲ್ಲಿ ಅದಕ್ಕೆ ಸರ್ಟಿಫಿಕೇಟು ಕೊಡುತ್ತಾರಲ್ಲ, ಅದರ ಮೇಲೆ.

2022ರ ಅಕ್ಟೋಬರಿನಲ್ಲಿ ನಾನು ಟೆಕ್ಸಾಸ್ ರಾಜ್ಯದ ಡಾಲಸ್ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಎರಡು ಬೀದಿ ಆಚೆ ಒಂದು ಮನೆಗೆ ಕಳ್ಳರು ನುಗ್ಗಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಹೋದದ್ದು ಸಾಮಾನು ಮಾತ್ರ. ಆದರೂ ನಮ್ಮ ಅಳಿಯಂದಿರಿಗೆ ಅಂದಿನಿಂದ ನಿದ್ದೆ ಇಲ್ಲ. ಅಳಿಯಂದಿರು ತುಮಕೂರಿನವರು, ಅಲ್ಲಿಯ ಪೌರತ್ವ ಪಡೆದವರು, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಜಿರಲೆ ಕಂಡರೆ ಹೆಂಡತಿಯನ್ನು ಕರೆಯುವಷ್ಟು ಸಾಧು. ಒಂದು ಸಂಜೆ ಕಾಫಿ ಕುಡಿಯುತ್ತ, "ಮಾವ, ನೀವು ಇಲ್ಲಿರುವಾಗಲೇ ಒಂದು ಪಿಸ್ತೂಲು ತೊಗೊಂಡುಬಿಡೋಣ ಅಂತ. ನಿಮಗೆ ಗೊತ್ತಿರುತ್ತಲ್ಲ" ಎಂದರು. ಸುಳ್ಳು ಹೇಳಬಾರದು, ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಿವೃತ್ತನಾಗಿ ಬಂದ ಮೇಲೆ ಊರಿನವರು ನನ್ನ ವಿದ್ಯೆಯನ್ನು ಬಳಸಿಕೊಂಡದ್ದು ಕಾಫಿ ಪಲ್ಪರ್ ರಿಪೇರಿಗೆ ಮಾತ್ರ.

ಶನಿವಾರ ಫೈರಿಂಗ್ ರೇಂಜಿಗೆ ಹೋದೆವು. ಅಂಗಡಿ, ರೇಂಜು ಎಲ್ಲ ಒಂದೇ ಸೂರಿನ ಕೆಳಗೆ. ಮೊದಲು ಆದ ಅವಮಾನವನ್ನು ಹೇಳಿಬಿಡುತ್ತೇನೆ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶೀಯನು ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಇದ್ದರೆ ಹೊರತು ಬಂದೂಕು ಹಿಡಿಯುವಂತಿಲ್ಲವೆಂಬುದು ಆ ದೇಶದ ಕಾನೂನು. ಹೀಗಾಗಿ ಸಾವಿರಾರು ಪಿಸ್ತೂಲು ಬಿಚ್ಚಿದ ನಾನು ಗಾಜಿನ ಈಚೆ ಕುರ್ಚಿಯಲ್ಲಿ, ಜೀವಮಾನದಲ್ಲಿ ಒಂದು ಗುಂಡನ್ನೂ ಹಾರಿಸದ ಅಳಿಯಂದಿರು ಗಾಜಿನ ಆಚೆ. ಈಗ ಅನ್ನಿಸುತ್ತದೆ, ಅದೇ ಒಳ್ಳೆಯದಾಯಿತು. ಕೈಗೆ ಕೊಟ್ಟಿದ್ದರೆ ನಾನೂ ಹುರುಪಿನಿಂದ ಗುಂಡು ಹೊಡೆದು, ಚೆನ್ನಾಗಿದೆ ತಗೊಳ್ಳಿ ಎಂದು ಬರುತ್ತಿದ್ದೆನೋ ಏನೋ. ಕೆಲಸವಿಲ್ಲದೆ ಕೂತದ್ದರಿಂದ ನೋಡಲು ಸಾಧ್ಯವಾಯಿತು.

ಅಂಗಡಿಯವರು ಬಾಡಿಗೆಗೆ ಕೊಟ್ಟದ್ದು ಗ್ಲಾಕ್ 17. ಆಸ್ಟ್ರಿಯಾ ದೇಶದ್ದು, ಪೂರ್ಣ ಅಳತೆಯ ಸೆಮಿ ಆಟೋಮ್ಯಾಟಿಕ್. ಮ್ಯಾಗಜೀನಿಗೆ 17 ಗುಂಡು, ಒಂಬತ್ತು ಮಿಲಿಮೀಟರಿನವು. ಅದರ ಬಗ್ಗೆ ಕೆಟ್ಟ ಮಾತಾಡಲು ನನ್ನ ಕಸುಬು ಬಿಡುವುದಿಲ್ಲ. 1980ರ ದಶಕದ ಆರಂಭದಲ್ಲಿ ಅದು ಬಂದಾಗ ಪ್ಲಾಸ್ಟಿಕ್ ಪಿಸ್ತೂಲು ಎಂದು ನಕ್ಕವರು ಬಹಳ. ಆಮೇಲೆ ಅರ್ಧ ಲೋಕದ ಪೋಲೀಸರು ಅದನ್ನೇ ಸೊಂಟಕ್ಕೆ ಕಟ್ಟಿಕೊಂಡರು. ಬಿಡಿಭಾಗಗಳು ಮೂರು ಡಜನ್ನಿಗೂ ಕಡಿಮೆ. ಖಾಲಿ ತೂಕ ಮುಕ್ಕಾಲು ಕಿಲೋವೂ ಇಲ್ಲ. ಬೆರಳಿನಿಂದ ತಳ್ಳುವ ಸೇಫ್ಟಿ ಎಂಬುದೇ ಇಲ್ಲ. ಇರುವ ಮೂರು ಸೇಫ್ಟಿಗಳೂ ಟ್ರಿಗರ್ ಎಳೆದ ಕೂಡಲೇ ತಾವಾಗಿ ಬಿಟ್ಟುಕೊಳ್ಳುತ್ತವೆ. ಕೆಳಗೆ ಬಿದ್ದರೆ ಹಾರುವುದಿಲ್ಲ, ಟ್ರಿಗರ್ ಎಳೆದರೆ ಹಾರುತ್ತದೆ. ಯಂತ್ರವಾಗಿ ಅದು ಪ್ರಾಮಾಣಿಕ. ಯಾರು ಎಳೆದರು ಎಂದು ಮಾತ್ರ ಅದು ಕೇಳುವುದಿಲ್ಲ.

ಅಳಿಯಂದಿರು ಐವತ್ತು ಗುಂಡಿನ ಒಂದು ಡಬ್ಬಿ ಕೊಂಡರು. ಹದಿನೇಳು, ಹದಿನೇಳು, ಹದಿನಾರು: ಮೂರು ಮ್ಯಾಗಜೀನು. ಗುರಿಕಾಗದ ಏಳು ಗಜದಲ್ಲಿ, ಅಂದರೆ ಸುಮಾರು ಆರೂವರೆ ಮೀಟರು. ಮೊದಲ ಮ್ಯಾಗಜೀನು ಎಡಕ್ಕೂ ಕೆಳಕ್ಕೂ ಹೋಯಿತು. ಬಲಗೈಯವರು ಸದ್ದಿಗೆ ಮೊದಲೇ ಬೆಚ್ಚಿ ಟ್ರಿಗರನ್ನು ಜಗ್ಗಿದರೆ ಆಗುವುದೇ ಹಾಗೆ. ಮೂರನೆಯದರ ಹೊತ್ತಿಗೆ ತೂತುಗಳೆಲ್ಲ ಒಂದು ಊಟದ ತಟ್ಟೆಯೊಳಗೆ ಬಂದವು. ಅಂಗಡಿಯ ಹುಡುಗ ಕಾಗದ ಬಿಡಿಸಿಕೊಟ್ಟು, ಈ ಪಿಸ್ತೂಲು ನಿಮಗೆಂದೇ ಮಾಡಿದ ಹಾಗಿದೆ ಎಂದ. ಅಳಿಯಂದಿರು ಅದನ್ನು ಮಡಿಚದೆ ಸುರುಳಿ ಸುತ್ತಿಕೊಂಡು ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು, ನಾಲ್ಕು ವರ್ಷದ ಮೊಮ್ಮಗಳು ಬರೆದ ಆನೆಯ ಚಿತ್ರದ ಪಕ್ಕದಲ್ಲಿ.

ಇಷ್ಟು ಪರೀಕ್ಷೆ. ಬಂದೂಕಿನ ಪತ್ರಿಕೆಗಳಲ್ಲಿ ಪಿಸ್ತೂಲನ್ನು ವಿಮರ್ಶೆ ಮಾಡುವ ಪಂಡಿತರದೂ ಇದೇ ದಾರಿ, ಗುಂಡಿನ ಲೆಕ್ಕ ಸ್ವಲ್ಪ ಹೆಚ್ಚು ಅಷ್ಟೆ. ಹಿಡಿ ಹೇಗಿದೆ, ಟ್ರಿಗರ್ ಎಷ್ಟು ನುಣುಪಾಗಿ ಬಿಡುತ್ತದೆ, ತೂತುಗಳು ಎಷ್ಟು ಹತ್ತಿರ ಬಿದ್ದವು, ಇನ್ನೂರು ಗುಂಡಿನಲ್ಲಿ ಎಷ್ಟು ಸಲ ಸಿಕ್ಕಿಕೊಂಡಿತು. ಕೊನೆಗೆ ನಕ್ಷತ್ರಗಳು.

ಸಿಕ್ಕಿಕೊಳ್ಳುವ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. 1911ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ಹೊಸ ಪಿಸ್ತೂಲನ್ನು ಆರಿಸುವಾಗ ಜಾನ್ ಬ್ರೌನಿಂಗ್ ಮಾಡಿದ ಪಿಸ್ತೂಲಿನಿಂದ 6,000 ಗುಂಡು ಹೊಡೆಸಿದರು. ಕಾದಾಗ ನೀರಿಗೆ ಅದ್ದಿ ಮತ್ತೆ ಹೊಡೆಸಿದರು. ಒಂದು ಸಲವೂ ಕೈಕೊಡಲಿಲ್ಲ. ಎದುರಾಳಿ ಸ್ಯಾವೇಜ್ ಪಿಸ್ತೂಲು 37 ಸಲ ಕೈಕೊಟ್ಟಿತು. ಅದು ಪರೀಕ್ಷೆ. ಐವತ್ತು ಗುಂಡು ಸಲೀಸಾಗಿ ಹಾರಿದರೆ ಏನು ತಿಳಿದಂತಾಯಿತು? ಸಂಖ್ಯಾಶಾಸ್ತ್ರದ ಸುಲಭ ಸೂತ್ರವೊಂದಿದೆ: ಮೂರನ್ನು ಹೊಡೆದ ಗುಂಡಿನ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ ಆರಕ್ಕಿಂತ ಹೆಚ್ಚು ಸಲ ಕೈಕೊಡಲಾರದು ಎಂದಷ್ಟೇ, ಅದೂ ನೂರಕ್ಕೆ 95 ಪಾಲು ಭರವಸೆಯಿಂದ, ಹೇಳಬಹುದು. ಈ ಸೂತ್ರವನ್ನು ನನಗೆ ಹೇಳಿಕೊಟ್ಟವರು ಅಳಿಯಂದಿರೇ, ಹಿಂದೊಮ್ಮೆ ಅವರ ಕೆಲಸದ ಬಗ್ಗೆ ಮಾತಾಡುವಾಗ. "ನಿಮ್ಮ ಆಫೀಸಿನಲ್ಲಿ ಇಷ್ಟು ಪರೀಕ್ಷೆ ಮಾಡಿ ಸಹಿ ಹಾಕ್ತೀರಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮಾವ, ಕೆಲಸ ಹೋಗುತ್ತೆ" ಎಂದರು.

ಅದೂ ಅಲ್ಲದೆ ಹಾರಿಸಿದ್ದು ಅಂಗಡಿಯವರ ಪಿಸ್ತೂಲು. ಸಾವಿರಾರು ಗುಂಡು ತಿಂದು ಒಳಗಿನ ಉಜ್ಜುವ ಜಾಗಗಳೆಲ್ಲ ಪಳಗಿದ್ದು. ಹೊಡೆದದ್ದು ಅಭ್ಯಾಸದ ಅಗ್ಗದ ದುಂಡು ಮೂತಿಯ ಗುಂಡು. ಮನೆಯಲ್ಲಿ ತುಂಬಿಡುವುದು ಮೂತಿಯಲ್ಲಿ ಕುಳಿಯಿರುವ, ಮೈಯೊಳಗೆ ಅರಳುವ ಬೇರೆ ಜಾತಿ. ಪಿಸ್ತೂಲು ಬೇರೆ, ಗುಂಡು ಬೇರೆ, ಮ್ಯಾಗಜೀನೂ ಬೇರೆ. ಆಟೋಮ್ಯಾಟಿಕ್ ಪಿಸ್ತೂಲಿನ ಕಾಯಿಲೆಗಳಲ್ಲಿ ಬಹುಪಾಲು ಮ್ಯಾಗಜೀನಿನವು ಎಂದು ಯಾವ ಆರ್ಮರರನ್ನು ಕೇಳಿದರೂ ಹೇಳುತ್ತಾನೆ. ತುಟಿ ಬಗ್ಗಿರುತ್ತದೆ, ಸ್ಪ್ರಿಂಗು ಸೋತಿರುತ್ತದೆ. ನಾವು ವರ್ಕ್‌ಶಾಪಿನಲ್ಲಿ ಒಂದೊಂದು ಮ್ಯಾಗಜೀನನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದೆವು.

ಆದರೆ ನನ್ನ ನಿಜವಾದ ಜಗಳ ಇಲ್ಲಿಲ್ಲ. ಈ ಕೊರತೆಗಳನ್ನೆಲ್ಲ ಇನ್ನಷ್ಟು ದುಡ್ಡು, ಇನ್ನಷ್ಟು ಗುಂಡು ಸುರಿದು ತುಂಬಿಕೊಳ್ಳಬಹುದು. ನನ್ನ ಜಗಳವಿರುವುದು ರೇಂಜಿನಲ್ಲಿ ಯಾವುದನ್ನು ಗುಣವೆಂದು, ಯಾವುದನ್ನು ದೋಷವೆಂದು ಎಣಿಸುತ್ತಾರೆ ಎಂಬುದರಲ್ಲಿ.

ನಾನು ಬಲ್ಲ ಪಿಸ್ತೂಲು ನಮ್ಮ ಸೈನ್ಯದ 9 ಎಂ.ಎಂ. 1ಎ. ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಬ್ರೌನಿಂಗ್ ಹೈ ಪವರ್. ಅದೇ ಜಾನ್ ಬ್ರೌನಿಂಗ್ ಶುರು ಮಾಡಿ, 1926ರಲ್ಲಿ ಅವನು ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ಸೈವ್ ಎಂಬವನು ಮುಗಿಸಿದ್ದು. 1935ರಿಂದ ಲೋಕದ ಹತ್ತಾರು ಸೈನ್ಯಗಳಲ್ಲಿ ನಡೆಯಿತು. ಹದಿಮೂರು ಗುಂಡು, ಮೈಯೆಲ್ಲ ಉಕ್ಕು. ಹೆಬ್ಬೆರಳಿನ ಬುಡದ ಚರ್ಮವನ್ನು ಹ್ಯಾಮರು ಕಚ್ಚುತ್ತಿತ್ತು. ಹಳೆಯ ಅಧಿಕಾರಿಗಳ ಕೈಯಲ್ಲಿ ಆ ಗುರುತು ಇರುತ್ತಿತ್ತು. ಈ ಪಿಸ್ತೂಲಿಗೆ ಒಂದು ವಿಶೇಷವಿದೆ. ಮ್ಯಾಗಜೀನನ್ನು ಹೊರಗೆ ಎಳೆದುಬಿಟ್ಟರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ನಳಿಗೆಯ ಹಿಂದೆ ಚೇಂಬರಿನಲ್ಲಿ ಗುಂಡು ಉಳಿದಿದ್ದರೂ ಹಾರುವುದಿಲ್ಲ. ಅದನ್ನು ಹಾಕಿಸಿದ್ದು ಫ್ರಾನ್ಸಿನ ಸೈನ್ಯದ ಷರತ್ತು. ಟ್ರಿಗರಿನಲ್ಲಿರುವ ಸಣ್ಣದೊಂದು ತುಂಡು ಮ್ಯಾಗಜೀನಿನ ಮುಖಕ್ಕೆ ಒತ್ತಿಕೊಂಡಿರುವುದರಿಂದ, ಎಳೆಯುವಾಗ ಉಜ್ಜಿ ಟ್ರಿಗರ್ ಒರಟಾಗುತ್ತದೆ.

ಪಂಡಿತರ ವಿಮರ್ಶೆಗಳಲ್ಲಿ ಈ ತುಂಡಿಗೆ ಬಿದ್ದಷ್ಟು ಬೈಗುಳ ಬೇರೆ ಯಾವುದಕ್ಕೂ ಬಿದ್ದಿಲ್ಲ. ಕೊಂಡ ಕೂಡಲೇ ತೆಗೆಸಿ ಬಿಸಾಕಿ ಎಂಬುದು ಅವರ ಹಿತವಚನ. ತೆಗೆಸಿದರೆ ಟ್ರಿಗರ್ ಬೆಣ್ಣೆಯಂತಾಗುತ್ತದೆ, ತೂತುಗಳು ಅರ್ಧ ಅಂಗುಲ ಹತ್ತಿರ ಬರುತ್ತವೆ, ನಿಜ. ಏಳು ಗಜದ ಕಾಗದದ ಮುಂದೆ ಆ ತುಂಡು ದೋಷವೇ. ಆದರೆ ಮನೆಯಲ್ಲಿ? ಬಂದೂಕಿನ ಅಪಘಾತಗಳಲ್ಲಿ ಅತ್ಯಂತ ಹಳೆಯ ಮಾತು "ಖಾಲಿ ಇದೆ ಅಂದುಕೊಂಡೆ" ಎಂಬುದು. ಮ್ಯಾಗಜೀನ್ ತೆಗೆದಾಯಿತು, ಇನ್ನು ಖಾಲಿಯಲ್ಲವೇ ಎಂದುಕೊಂಡವನನ್ನು, ಅವನೆದುರು ನಿಂತವನನ್ನು, ಕಾಯುವುದು ಆ ಒರಟು ತುಂಡು. ಇಪ್ಪತ್ತು ವರ್ಷ ಅನುಭವವಿದ್ದ ಸಿಪಾಯಿಗಳಿಗೇ ಮರಳಿನ ಗುಂಡಿಯ ಮುಂದೆ ನಿಲ್ಲಿಸಿ "ಖಾಲಿ ಕರ್" ಎಂದು ಕೂಗಿ ಖಾಲಿ ಮಾಡಿಸುತ್ತಿದ್ದೆವು, ಚೇಂಬರಿಗೆ ಕಣ್ಣು ಹಾಕಿ ನೋಡಿದ ಮೇಲೆ ಬಿಡುತ್ತಿದ್ದೆವು. ಮನುಷ್ಯ ಮರೆಯುತ್ತಾನೆ ಎಂದು ಸೈನ್ಯಕ್ಕೆ ಗೊತ್ತಿತ್ತು.

ಗ್ಲಾಕಿನಲ್ಲಿ ಆ ತುಂಡು ಇಲ್ಲ. ಜೊತೆಗೆ ಇನ್ನೊಂದು ಸಂಗತಿ. ಒರೆಸಿ ಎಣ್ಣೆ ಹಾಕಲು ಅದರ ಸ್ಲೈಡು ಕಳಚಬೇಕಾದರೆ ಮೊದಲು ಟ್ರಿಗರ್ ಎಳೆಯಲೇಬೇಕು. ಮ್ಯಾಗಜೀನ್ ತೆಗೆದು, ಚೇಂಬರ್ ನೋಡಿ, ಮತ್ತೆ ನೋಡಿ, ಆಮೇಲೆ ಎಳೆಯಿರಿ ಎಂದು ತಯಾರಕರು ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಬ್ರೌನಿಂಗಿಗೆ ಅದರ ಅಗತ್ಯವಿಲ್ಲ. ಸ್ಲೈಡನ್ನು ಹಿಂದಕ್ಕೆಳೆದು ಸೇಫ್ಟಿಗೆ ಸಿಕ್ಕಿಸಿ ಅಡ್ಡ ಪಿನ್ನು ಕೀಳಬೇಕು. ಮನೆಯಲ್ಲಿಡುವ ಪಿಸ್ತೂಲಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸವೆಂದು ಯೋಚಿಸಿ. ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ, ಸುತ್ತ ಮಕ್ಕಳಿರುವಾಗ, ನಿದ್ದೆಗಣ್ಣಿನಲ್ಲಿ ನಡೆಯುವ ಕೆಲಸ ಅದು. ರೇಂಜಿನಲ್ಲಿ ಅಂಗಡಿಯ ಹುಡುಗನೇ ಒರೆಸಿಟ್ಟುಕೊಳ್ಳುತ್ತಾನೆ. ಅಳಿಯಂದಿರಿಗೆ ಆ ವಿಷಯವೇ ತಿಳಿದಿರಲಿಲ್ಲ. ಪಿಸ್ತೂಲಿನೊಡನೆ ಬಾಳಬೇಕಾದವನಿಗೆ ತಿಳಿಯಬೇಕಾದ ಸಂಗತಿ ಪರೀಕ್ಷೆಯಲ್ಲಿ ಬರಲೇ ಇಲ್ಲ.

ಇನ್ನು ಗೋಡೆ. ಅಮೆರಿಕದ ಮನೆಗಳ ಒಳಗೋಡೆ ಎಂದರೆ ಮರದ ಚೌಕಟ್ಟಿನ ಎರಡೂ ಮೈಗೆ ಬಡಿದ ಜಿಪ್ಸಮ್ ಹಲಗೆ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ನಾನು ಗೆಣ್ಣಿನಿಂದ ತಟ್ಟಿ ನೋಡಿದೆ, ಟೊಳ್ಳು. ಒಂಬತ್ತು ಮಿಲಿಮೀಟರಿನ ಗುಂಡು ಸೆಕೆಂಡಿಗೆ 350 ಮೀಟರಿನಷ್ಟು ವೇಗದಲ್ಲಿ ಹೋಗುವಂಥದ್ದು. ಅಂಥ ಗೋಡೆಯನ್ನು ಒಂದಲ್ಲ, ಸಾಲಾಗಿ ಮೂರು ನಾಲ್ಕನ್ನು ದಾಟಿ ಹೋಗುತ್ತದೆ. ಮೂತಿ ಕುಳಿಯಿದ್ದದ್ದೂ ಹೋಗುತ್ತದೆ, ಆ ಕುಳಿಗೆ ಜಿಪ್ಸಮ್ ಪುಡಿ ತುಂಬಿಕೊಂಡರೆ ಅದು ಅರಳುವುದೇ ಇಲ್ಲ. ರೇಂಜಿನಲ್ಲಿ ಗುರಿಯ ಹಿಂದೆ ಗುಂಡು ಹಿಡಿಯುವ ಭದ್ರವಾದ ಏರ್ಪಾಡಿರುತ್ತದೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ತಲೆಯ ಮೇಲೆ ಟ್ಯೂಬ್‌ಲೈಟು, ಬೆನ್ನ ಹಿಂದೆ ಉಸ್ತುವಾರಿಯವನು. ಮನೆಯಲ್ಲಿ ಇದರಲ್ಲಿ ಯಾವುದಿದೆ?

ಆ ರಾತ್ರಿ ನಾನು ನನ್ನದೇ ಒಂದು ಪರೀಕ್ಷೆ ಮಾಡಿದೆ. ಖರ್ಚಿಲ್ಲದ್ದು. ಎಲ್ಲರೂ ಮಲಗುವ ಹೊತ್ತಿಗೆ ದೀಪ ಆರಿಸಿ, ಅಳಿಯಂದಿರ ಕೈಗೆ ಟಿ.ವಿ. ರಿಮೋಟು ಕೊಟ್ಟು, ಕನ್ನಡಕ ತೆಗೆಸಿ ಮಂಚದ ಮೇಲೆ ಕೂರಿಸಿ, ಕಳ್ಳ ಈ ಬಾಗಿಲಲ್ಲಿ ಬಂದ, ಗುರಿ ಹಿಡಿಯಿರಿ ಎಂದೆ. ಮೊದಲು ನಕ್ಕರು. ಆಮೇಲೆ ಹಿಡಿದರು. ಹಾಗೇ ಇರಿ ಎಂದು ದೀಪ ಹಾಕಿದೆ. ರಿಮೋಟು ಬಾಗಿಲಿನತ್ತ ಇತ್ತು, ಸರಿ. ಬಾಗಿಲಿನ ಆಚೆ ಓಣಿ, ಓಣಿಯ ಆಚೆ ಟೊಳ್ಳು ಗೋಡೆ, ಗೋಡೆಗೆ ತಲೆಯಿಟ್ಟು ಮೊಮ್ಮಗಳು ಮಲಗಿದ್ದಳು. ಯಾರೂ ಮಾತಾಡಲಿಲ್ಲ. ಮಗಳು ರಿಮೋಟನ್ನು ಗಂಡನ ಕೈಯಿಂದ ತೆಗೆದುಕೊಂಡು ಸೋಫಾದ ಮೇಲೆ ಇಟ್ಟು ಬಂದಳು.

ಅಂದ ಹಾಗೆ, ಹಗಲೆಲ್ಲ ಮಗುವಿನೊಡನೆ ಆ ಮನೆಯಲ್ಲಿ ಒಬ್ಬಳೇ ಇರುವವಳು ನನ್ನ ಮಗಳು. ಅವಳ ಅಂಗೈ ಚಿಕ್ಕದು. ಪೂರ್ಣ ಅಳತೆಯ ಹಿಡಿಯಲ್ಲಿ ಅವಳ ಬೆರಳು ಟ್ರಿಗರನ್ನು ಮುಟ್ಟುತ್ತದೆಯೇ, ಸ್ಲೈಡು ಎಳೆಯುವಷ್ಟು ಹಿಡಿತ ಇದೆಯೇ, ಎಲ್ಲಕ್ಕಿಂತ ಮೊದಲು ಅವಳಿಗೆ ಅದು ಬೇಕೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರದಲ್ಲಿ ಹುಡುಗಿಯನ್ನು ಯಾರು ಕೇಳುತ್ತಾರೆ?

ಇಷ್ಟೆಲ್ಲ ಕಳ್ಳ ಬಂದರೆ ಎಂಬ ಲೆಕ್ಕ. ಕಳ್ಳ ಬಾರದಿದ್ದರೆ ಎಂಬುದು ಇನ್ನೊಂದು ಲೆಕ್ಕ, ಅದೇ ದೊಡ್ಡದು. 2022ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು. ಅದರಲ್ಲಿ 27,000 ಜನ ಸತ್ತದ್ದು ತಮ್ಮ ಕೈಯಿಂದಲೇ. 2020ರಿಂದ ಈಚೆಗೆ ಆ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ಬಂದೂಕು. ಅದಕ್ಕೆ ಮೊದಲು ವಾಹನ ಅಪಘಾತ ಇತ್ತು. ಮನೆಗೆ ಬಂದ ಪಿಸ್ತೂಲು ಯಾರ ಕಡೆ ತಿರುಗುವ ಸಂಭವ ಹೆಚ್ಚು ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಪಂಡಿತರ ವಿಮರ್ಶೆಯಲ್ಲಿ ನಕ್ಷತ್ರಗಳ ಜೊತೆ ಇದನ್ನು ಬರೆದದ್ದನ್ನು ನಾನು ಕಂಡಿಲ್ಲ.

ನನಗೆ ಅಂಕಿಗಳು ಬೇಕಾಗಿಯೂ ಇಲ್ಲ. ನಮ್ಮ ಮನೆಯಲ್ಲಿ ಇದ್ದದ್ದು ಕೇಪಿನ ಕೋವಿ. ಮದ್ದು, ಚರೆ ಹಾಕಿ ಗಜದಿಂದ ಜಡಿದ ಮೇಲೆ ಅದನ್ನು ಖಾಲಿ ಮಾಡುವುದು ದೊಡ್ಡ ರಗಳೆ, ಹೊಡೆದೇ ಮುಗಿಸಬೇಕು. ಗದ್ದೆಗೆ ಹಂದಿ ಬರುವ ಕಾಲದಲ್ಲಿ ಅದು ತುಂಬಿಕೊಂಡೇ ಮೂಲೆಯಲ್ಲಿ ನಿಂತಿರುತ್ತಿತ್ತು. ಅದರ ಗುರಿಯನ್ನು ಊರೇ ಹೊಗಳುತ್ತಿತ್ತು. 1969ರ ಮಳೆಗಾಲ, ನನಗೆ ಹನ್ನೊಂದು ವರ್ಷ. ನನ್ನ ಚಿಕ್ಕಪ್ಪನಿಗೆ ಸಾಲ ಇತ್ತು, ಆ ವರ್ಷ ಅಡಕೆಗೆ ಕೊಳೆ ಬಂದಿತ್ತು, ಮನೆಯಲ್ಲಿ ಮಾತು ಬೆಳೆದಿತ್ತು. ಇವೆಲ್ಲ ಯಾರಿಗೆ ಬರುವುದಿಲ್ಲ? ಎರಡು ದಿನ ಕಳೆದಿದ್ದರೆ ಮಳೆ ಹೊಳವಾಗುತ್ತಿತ್ತು, ಅಜ್ಜಿ ಕರೆದು ಊಟಕ್ಕೆ ಕೂರಿಸುತ್ತಿದ್ದಳು. ಕೋವಿ ಕೈಗೆಟುಕುವ ಹಾಗಿತ್ತು, ಅಷ್ಟೇ. ಅಪ್ಪ ಆಮೇಲೆ ಅದನ್ನು ತಹಸೀಲ್ದಾರರ ಕಚೇರಿಗೆ ಒಪ್ಪಿಸಿ ಬಂದರು. ಅದರ ಬಗ್ಗೆ ಮನೆಯಲ್ಲಿ ಮಾತಿಲ್ಲ. ಇದನ್ನು ನಾನು ಬರೆಯುತ್ತಿರುವುದೂ ಇದೇ ಮೊದಲು.

ಹಾಗಾದರೆ ಯಾರೂ ಬಂದೂಕು ಇಡಲೇಬಾರದೇ ಎಂದು ಕೇಳಬಹುದು. ಹಾಗೆ ಹೇಳಿದರೆ ನನ್ನ ಪಕ್ಕದ ಕೊಡಗಿನವರು ನನ್ನನ್ನು ಊರಿಗೆ ಸೇರಿಸುವುದಿಲ್ಲ. ಆನೆ, ಹಂದಿಗಳ ನಡುವೆ ತೋಟ ಮಾಡುವವನ ಕಷ್ಟ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಕೈಲ್‌ಪೊಳ್ದ್ ದಿನ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ಇಡುತ್ತಾರೆ. ಅಲ್ಲಿ ಊರೆಲ್ಲ ಸೇರಿ ನೋಡುವುದು ಹೊಡೆಯುವವನನ್ನು. ಅವನು ಕೋವಿ ಹಿಡಿದ ರೀತಿ, ಇಳಿಸಿದ ರೀತಿ, ಕುಡಿದಿದ್ದಾನೋ ಇಲ್ಲವೋ ಎಲ್ಲ ಹಿರಿಯರ ಕಣ್ಣಿಗೆ ಬೀಳುತ್ತದೆ. ಕೋವಿ ಎಷ್ಟು ಚೆನ್ನಾಗಿದೆ ಎಂದು ಯಾರೂ ನಕ್ಷತ್ರ ಕೊಡುವುದಿಲ್ಲ. ರೇಂಜಿನಲ್ಲಿ ಇದು ತಲೆಕೆಳಗು. ದುಡ್ಡು ಕೊಟ್ಟವನು ಪರೀಕ್ಷಕ, ಪಿಸ್ತೂಲು ವಿದ್ಯಾರ್ಥಿ. ಟೆಕ್ಸಾಸಿನಲ್ಲಿ 2021ರಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ತುಂಬಿದವರು ಪರವಾನಗಿ ಇಲ್ಲದೆಯೇ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗಬಹುದು.

ನಮ್ಮಲ್ಲಿ ಒಂಬತ್ತು ಮಿಲಿಮೀಟರು ಜನಸಾಮಾನ್ಯರಿಗೆ ನಿಷೇಧ, ಆದರೆ ಪಾಯಿಂಟ್ 32ರ ಪಿಸ್ತೂಲಿಗೆ ಲೈಸೆನ್ಸು ಸಿಗುತ್ತದೆ. ಬೆಂಗಳೂರಿನಲ್ಲಿ ದುಡ್ಡು ಕಂಡ ಕೆಲವರಿಗೆ ಅದೂ ಈಗ ಕೈಗಡಿಯಾರದಂಥ ಒಂದು ಒಡವೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹೊಡೆಯುವುದನ್ನು 2019ರ ತಿದ್ದುಪಡಿಯಲ್ಲಿ ಅಪರಾಧವೆಂದು ಬರೆಯಬೇಕಾಗಿ ಬಂತೆಂದರೆ, ಆ ಗುಂಡು ಮತ್ತೆ ಕೆಳಗೆ ಬೀಳುತ್ತದೆಂದು ತಿಳಿಯದವರ ಕೈಯಲ್ಲೂ ಬಂದೂಕು ಇದೆಯೆಂದಾಯಿತು. ಅವರಿಗೂ ಅಂಗಡಿಯವರು ಪಿಸ್ತೂಲು ಕೈಗಿಟ್ಟು, ಹಿಡಿ ಹೇಗಿದೆ ನೋಡಿ ಸಾರ್ ಎಂದೇ ಕೇಳಿರುತ್ತಾರೆ.

ನಾನು ಹೊರಡುವ ಮುನ್ನ ಅಳಿಯಂದಿರಿಗೆ ಹೇಳಿದ್ದು ನಾಲ್ಕು ಮಾತು. ಮುಂಬಾಗಿಲಿಗೆ ಗಟ್ಟಿ ಚಿಲಕ, ಹಿತ್ತಲಿಗೆ ದೀಪ. ಕೊಳ್ಳಲೇಬೇಕೆಂದರೆ ಮೊದಲು ನೆಲಕ್ಕೆ ಬೋಲ್ಟು ಹಾಕಿದ ಉಕ್ಕಿನ ಪೆಟ್ಟಿಗೆ ಕೊಳ್ಳಿ, ಒಂದು ತಿಂಗಳು ಖಾಲಿ ಪೆಟ್ಟಿಗೆಯನ್ನೇ ದಿನಾ ಬೀಗ ಹಾಕಿ ತೆಗೆದು ಅಭ್ಯಾಸ ಮಾಡಿ. ಒಂದು ದಿನ ಮರೆತರೂ ಪಿಸ್ತೂಲಿನ ಯೋಚನೆ ಬಿಡಿ. ಮನಸ್ಸು ಕೆಟ್ಟ ದಿನ ಅದರ ಕೀಲಿ ಹೆಂಡತಿಯ ಹತ್ತಿರ ಇರಲಿ. ಹೂಂ ಎಂದರು. ಅವರು ದೊಡ್ಡವರ ಮಾತಿಗೆ ಇಲ್ಲ ಎನ್ನುವವರಲ್ಲ, ಅದರಿಂದ ಏನೂ ತಿಳಿಯುವುದಿಲ್ಲ.

ಕೊಂಡರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಊರಿಗೆ ಬಂದ ಕೆಲವು ತಿಂಗಳಿಗೆ ವಿಡಿಯೋ ಕರೆಯಲ್ಲಿ ಮೊಮ್ಮಗಳು ಹೊಸದಾಗಿ ಬರೆದ ಆನೆಯನ್ನು ತೋರಿಸಲು ಫೋನು ಹಿಡಿದುಕೊಂಡು ತನ್ನ ಕೋಣೆಗೆ ಓಡಿದಳು. ಅವಳ ಮಂಚವನ್ನು ಕಿಟಕಿಯ ಪಕ್ಕದ ಗೋಡೆಗೆ ಸರಿಸಿದ್ದರು.